ಓದುಗರ ಪ್ರಶ್ನೆ: ಅಮ್ಮನ ಜೊತೆ ಚಂದ್ರಶಿಲಾಕ್ಕೆ

ಪ್ರಶ್ನೆ: ಅಕ್ಕಾ, ದೀಪಾವಳಿ ರಜೆಯಲ್ಲಿ ಅಮ್ಮನನ್ನು ಉತ್ತರಾಖಂಡದ ಹಿಮಾಲಯದಲ್ಲಿರುವ ತುಂಗನಾಥ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅಲ್ಲಿಂದ ಚಂದ್ರಶಿಲಾ ತುದಿಗೂ ಹತ್ತುವ ಆಸೆ. ಅಮ್ಮನಿಗೆ 64 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೀರೆ ಬಿಟ್ಟು ಬೇರೇನೂ ಉಡುವವರಲ್ಲ. ಡೊಂಬಿವಲಿಯಲ್ಲೇ ಬೆಳೆದ ನನಗೆ ಚಳಿ ಅಂದರೆ ಜನವರಿಯ ಬೆಳಗಿನ ಲೋಕಲ್ ಮಾತ್ರ ಗೊತ್ತು. ಎಷ್ಟು ಸ್ವೆಟರ್ ಬೇಕು?
— ಓದುಗಿ, ಡೊಂಬಿವಲಿ

ಉತ್ತರ: ಖಂಡಿತ ಹೋಗಿ. ಅಮ್ಮನನ್ನು ಅಂಥ ಜಾಗಕ್ಕೆ ಕರೆದೊಯ್ಯುವ ಮನಸ್ಸು ಬಂದಿದೆಯಲ್ಲ, ಅದೇ ನನಗೆ ಖುಷಿ. ಆದರೆ ಸ್ವೆಟರ್ ಲೆಕ್ಕ ಆಮೇಲೆ. ಅಲ್ಲಿ ಜಾಸ್ತಿ ಕಾಡುವುದು ಗಾಳಿ.

ನಡಿಗೆ ಶುರುವಾಗುವ ಚೋಪ್ತಾದಿಂದ ತುಂಗನಾಥದವರೆಗೆ ಕಲ್ಲು ಹಾಸಿದ ದಾರಿ, ನಾಲ್ಕು ಕಿಲೋಮೀಟರಿನ ಹತ್ತಿರ. ದೇವಸ್ಥಾನ ಸುಮಾರು 3,680 ಮೀಟರ್ ಎತ್ತರದಲ್ಲಿದೆ. ಚಂದ್ರಶಿಲಾ ಸುಮಾರು 4,000 ಮೀಟರ್. ನಮ್ಮ ಮಹಾರಾಷ್ಟ್ರದ ಅತಿ ಎತ್ತರದ ಕಳಸೂಬಾಯಿಯೇ 1,646 ಮೀಟರ್, ಅಂದಮೇಲೆ ನೀವೇ ಯೋಚಿಸಿ. ದೇವಸ್ಥಾನ ದಾಟಿದರೆ ಮರಗಳಿಲ್ಲ, ಬರೀ ಹುಲ್ಲು ಮತ್ತು ಬಂಡೆ. ಬೆಟ್ಟಕ್ಕೆ ಬಡಿದ ಗಾಳಿ ಮೇಲೆ ಹತ್ತಿ, ತುದಿಯ ಮೇಲೆ ಒತ್ತಿಕೊಂಡು ಹಾಯುವಾಗ ಅದರ ವೇಗ ಹೆಚ್ಚುತ್ತದೆ. ನಮ್ಮ ಮೈ ತನ್ನ ಸುತ್ತ ಕಾಯಿಸಿಟ್ಟುಕೊಂಡ ತೆಳುವಾದ ಬಿಸಿಗಾಳಿಯನ್ನು ಅದು ಹೊಡೆದುಕೊಂಡು ಹೋಗುತ್ತದೆ. ಸೊನ್ನೆ ಡಿಗ್ರಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಮುಖಕ್ಕೆ ಮೈನಸ್ 7ರಷ್ಟು ಚಳಿ ಅನಿಸುತ್ತದೆ. ಎಷ್ಟೇ ದಪ್ಪ ಸ್ವೆಟರ್ ಹಾಕಿದರೂ ಅದರ ಹೆಣಿಗೆಯ ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಅದಕ್ಕೇ ಒಂದೇ ಉಣ್ಣೆ ಸ್ವೆಟರ್ ಸಾಕು, ಅದರ ಮೇಲೆ ವಿಂಡ್‌ಚೀಟರ್ ಬೇಕೇ ಬೇಕು. ಮಳೆಗಾಲಕ್ಕೆ ನೀವು ಇಟ್ಟುಕೊಂಡಿರುತ್ತೀರಲ್ಲ, ಟೋಪಿ ಇರುವಂಥದ್ದು, ಅದೇ ನಡೆಯುತ್ತದೆ.

ಒಳಗೆ ಹತ್ತಿ ಬನಿಯನ್ ಬೇಡ. ಹತ್ತುವಾಗ ಬೆವರುತ್ತೀರಿ, ಹತ್ತಿ ಆ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ. ತುದಿಯಲ್ಲಿ ನಿಂತ ಎರಡೇ ನಿಮಿಷಕ್ಕೆ ಬೆನ್ನು ಕೊರೆಯಲು ಶುರುವಾಗುತ್ತದೆ. ಥರ್ಮಲ್ ಹಾಕಿ. ಕೈಗವಸು, ಮಂಕಿ ಕ್ಯಾಪ್, ಕಪ್ಪು ಕನ್ನಡಕ ಜೇಬಿನಲ್ಲೇ ಇರಲಿ, ಬ್ಯಾಗಿನ ತಳದಲ್ಲಲ್ಲ. ಅಲ್ಲಿ ಬರಿಗೈಯಲ್ಲಿ ಜಿಪ್ ಎಳೆಯಲು ಹೋದರೆ ಬೆರಳು ಮಾತೇ ಕೇಳುವುದಿಲ್ಲ.

ಇನ್ನು ಅಮ್ಮನ ಸೀರೆ. ಬಿಡಿ ಅಂತ ಒತ್ತಾಯ ಮಾಡಬೇಡಿ. ಒಳಗೆ ಥರ್ಮಲ್ ಪ್ಯಾಂಟ್, ಉಣ್ಣೆ ಕಾಲುಚೀಲ, ಹಿಡಿತ ಚೆನ್ನಾಗಿರುವ ಶೂ ಇರಲಿ. ಸೀರೆಯನ್ನು ಪಾದದ ಗಂಟಿನ ಮೇಲೆ ನಿಲ್ಲುವಂತೆ ಉಡಲಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಪಿನ್ ಹಾಕಿ, ಅದರ ಮೇಲೆ ಸ್ವೆಟರ್ ಬರಲಿ. ಗಾಳಿಗೆ ನಿರಿಗೆ ಹಾರಿ ಕಾಲಿಗೆ ಸುತ್ತಿಕೊಂಡರೆ ಕಲ್ಲು ಮೆಟ್ಟಿಲಲ್ಲಿ ಅಪಾಯ. ನನಗೆ ಚಳಿಗಿಂತ ಇದರದ್ದೇ ಚಿಂತೆ.

ಬಿಪಿ ವಿಷಯವನ್ನು ನಿಮ್ಮ ಡಾಕ್ಟರರ ಹತ್ತಿರ ಮೊದಲೇ ಮಾತಾಡಿ, ಮಾತ್ರೆ ತಪ್ಪಿಸಬೇಡಿ. ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 60 ಮಾತ್ರ, ಅಂದರೆ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಹಾಗಾಗಿ ಹರಿದ್ವಾರದಲ್ಲಿ ರೈಲಿಳಿದವರು ಒಂದೇ ಉಸಿರಿಗೆ ಮೇಲೆ ಓಡಬೇಡಿ. ಊಖೀಮಠದಲ್ಲಿ ಒಂದು ರಾತ್ರಿ, ಚೋಪ್ತಾದಲ್ಲಿ ಒಂದು ರಾತ್ರಿ ಇರಿ. (ಊಖೀಮಠ ಕೇದಾರನಾಥನ ಚಳಿಗಾಲದ ಪೀಠ. ಕೇದಾರದ ರಾವಲರು, ಅಂದರೆ ಪ್ರಧಾನ ಅರ್ಚಕರು, ಕರ್ನಾಟಕ ಮೂಲದ ವೀರಶೈವರು. ಅಮ್ಮನಿಗೆ ಹೇಳಿ, ಖುಷಿಪಡುತ್ತಾರೆ.) ತಲೆನೋವು, ವಾಕರಿಕೆ ಬಂದರೆ ಅಲ್ಲಿಗೇ ನಿಲ್ಲಿಸಿ. ಜಾಸ್ತಿಯಾದರೆ ಕೆಳಗಿಳಿಯಿರಿ, ಬೇರೆ ಯೋಚನೆಯೇ ಬೇಡ.

ಸೂರ್ಯೋದಯ ನೋಡಲೆಂದು ನಡುರಾತ್ರಿ ಕಳೆದು ಹೊರಡುವವರು ಬಹಳ. ನೀವು ಹಾಗೆ ಮಾಡಬೇಡಿ. ಕತ್ತಲು, ಚಳಿ ಎರಡೂ ಆಗ ಹೆಚ್ಚು. ಬೆಳಕು ಹರಿದ ಕೂಡಲೇ ಹೊರಡಿ, ಮಧ್ಯಾಹ್ನ ಮೋಡ ಕಟ್ಟುವ ಮೊದಲು ಇಳಿಯಿರಿ. ದೇವಸ್ಥಾನದ ತನಕ ಅಮ್ಮ ಕುದುರೆ ಮೇಲೆ ಬರಲಿ. ದರ್ಶನ ಆದಮೇಲೆ ಅವರ ಮುಖ ನೋಡಿ, ಉಸಿರು ನೋಡಿ. ಸುಸ್ತಾಗಿದ್ದರೆ ಅಲ್ಲೇ ಚಹಾ ಅಂಗಡಿಯಲ್ಲಿ ಕೂರಲಿ, ಅವರ ಜೊತೆ ಯಾರಾದರೂ ಇರಲಿ. ಉಳಿದವರು ತುದಿಗೆ ಹೋಗಿ ಬನ್ನಿ. ಮುಂದಿನ ದಾರಿ ಉದ್ದವಿಲ್ಲ, ಆದರೆ ಕಡಿದು. ಮೇಲೆ ಪುಟ್ಟ ಗುಡಿಯೊಂದಿದೆ. ಗಾಳಿಗೆ ಟೋಪಿ ಪಟಪಟ ಬಡಿದು ಪಕ್ಕದವರ ಮಾತೂ ಕೇಳಿಸದಿದ್ದರೆ ಅದರ ಗೋಡೆಯ ಮರೆಗೆ ಸರಿಯಿರಿ. ಅಲ್ಲಿ ನಿಂತು ಚೌಖಂಬಾ, ನಂದಾದೇವಿ ಶಿಖರಗಳನ್ನು ನೋಡಿ. ಎಷ್ಟು ನೋಡಿದರೂ ಸಾಲದು.

ಒಂದು ಮಾತು: ತುಂಗನಾಥದ ಬಾಗಿಲು ಚಳಿಗಾಲಕ್ಕೆ ಮುಚ್ಚುತ್ತದೆ, ಉತ್ಸವಮೂರ್ತಿ ಕೆಳಗಿನ ಮಕ್ಕೂಮಠ ಹಳ್ಳಿಗೆ ಬರುತ್ತದೆ. ಮುಚ್ಚುವ ದಿನವನ್ನು ವಿಜಯದಶಮಿಯ ಹೊತ್ತಿಗೆ ಹೇಳುತ್ತಾರೆ. ದೀಪಾವಳಿ ತಡವಾಗಿ ಬಂದ ವರ್ಷ ದರ್ಶನ ತಪ್ಪಬಹುದು. ದಿನ ನೋಡಿಕೊಂಡೇ ಟಿಕೆಟ್ ಮಾಡಿಸಿ.

ಪ್ರಶ್ನೆ: ಹಿಮಾಲಯದ ಚಾರಣದಲ್ಲಿ ತುದಿ ಮುಟ್ಟಿದ ಕೂಡಲೇ ನನ್ನ ಫೋನ್ ಆಫ್ ಆಯಿತು. ಅರ್ಧದಷ್ಟು ಚಾರ್ಜ್ ಇತ್ತು! ಹೊಸ ಬ್ಯಾಟರಿ ಹಾಕಿಸಬೇಕಾ?
— ಓದುಗ, ನಿಗಡಿ, ಪುಣೆ

ಉತ್ತರ: ಕೆಳಗೆ ಬಂದಮೇಲೆ ಸರಿಯಾಗಿ ನಡೆಯುತ್ತಿದ್ದರೆ ಸುಮ್ನೆ ದುಡ್ಡು ಹಾಕಬೇಡಿ. ಲಿಥಿಯಂ ಬ್ಯಾಟರಿ ತಣ್ಣಗಾದಾಗ ಅದರೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ. ಆಗ ಚಾರ್ಜ್ ಇದ್ದೂ ಫೋನಿಗೆ ಬೇಕಾದಷ್ಟು ಕರೆಂಟ್ ಸಿಗುವುದಿಲ್ಲ. ಮುಂದಿನ ಸಲ ಫೋನನ್ನು ಮೈಗೆ ತಾಗುವ ಒಳಜೇಬಿನಲ್ಲಿಡಿ, ಫೋಟೋಗೆ ಮಾತ್ರ ಹೊರಗೆ ತೆಗೆಯಿರಿ. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಪವರ್ ಬ್ಯಾಂಕ್ ಚುಚ್ಚಬೇಡಿ, ಬ್ಯಾಟರಿಗೆ ಅದು ನಿಜಕ್ಕೂ ಕೆಡುಕು. ರೂಮಿಗೆ ಬಂದು, ಫೋನ್ ಬೆಚ್ಚಗಾದ ಮೇಲೆ ಚಾರ್ಜ್‌ಗೆ ಹಾಕಿ.