ಪೆನ್ಸಿಲ್‌ನಲ್ಲಿ ಬಿಡಿಸಿದ ಕಪ್ಪು ಲ್ಯಾಬ್ರಡಾರ್ ಯಾಕೆ ಕಪ್ಪಾಗದೆ ಬೂದು ಬೂದಾಗಿ ಹೊಳೆಯುತ್ತದೆ?

ಒತ್ತಿ ತಿಕ್ಕಿರುತ್ತೀರಿ, ಅದಕ್ಕೇ. ಪೆನ್ಸಿಲ್ ಕಡ್ಡಿಯಲ್ಲಿರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಗ್ರಾಫೈಟ್ ಅಂದರೆ ಪದರ ಪದರವಾಗಿರುವ ಇಂಗಾಲ. ಜೋರಾಗಿ ಒತ್ತಿದರೆ ಅದರ ಚಪ್ಪಟೆ ಚೂರುಗಳು ಸಾಲಾಗಿ ಮಲಗಿಬಿಡುತ್ತವೆ, ಕಾಗದದ ತರಿಯೂ ನುಣುಪಾಗುತ್ತದೆ. ಆಮೇಲೆ ಬಿದ್ದ ಬೆಳಕು ಹೊಳಪಾಗಿ ವಾಪಸ್. ನಾಯಿಯ ಮೈ ಸ್ಟೀಲ್ ಪಾತ್ರೆಯ ಹಾಗೆ ಕಾಣುತ್ತದೆ.

ಕೈ ಹಗುರ ಮಾಡಿ. ಮೊದಲು 2ಬಿ ಪೆನ್ಸಿಲ್ (ಬಿ ಹಿಂದಿನ ಅಂಕಿ ಹೆಚ್ಚಿದಷ್ಟೂ ಕಡ್ಡಿ ಮೆದು, ಗೆರೆ ಕಪ್ಪು), ಅದರ ಮೇಲೆ 4ಬಿ, ತೀರಾ ಕಪ್ಪು ಬೇಕಾದ ಕಡೆ ಮಾತ್ರ 8ಬಿ. ಗೆರೆಗಳು ಕೂದಲು ಹೋಗುವ ದಿಕ್ಕಿನಲ್ಲೇ ಇರಲಿ: ಮೂಗಿನಿಂದ ಹಣೆಯ ಕಡೆಗೆ. ಮೂಗಿನ ಹತ್ತಿರ ತೀರಾ ಗಿಡ್ಡ, ಕುತ್ತಿಗೆಗೆ ಬರುತ್ತಾ ಉದ್ದ. ಬೆರಳಲ್ಲಿ ಸುಮ್ನೆ ಉಜ್ಜಬೇಡಿ, ಕೂದಲು ಹೋಗಿ ಹೊಗೆ ಉಳಿಯುತ್ತದೆ.

ಕಪ್ಪು ಕಪ್ಪಾಗಿ ಕಾಣಬೇಕಾದರೆ ಪಕ್ಕದಲ್ಲಿ ಬಿಳಿ ಇರಬೇಕು, ಅಲ್ವಾ? ಕಣ್ಣಿನೊಳಗಿನ ಬೆಳಕಿನ ಚುಕ್ಕಿ, ಒದ್ದೆ ಮೂಗಿನ ಮೇಲಿನ ಹೊಳಪು, ಇವೆರಡನ್ನೂ ಶುರುವಿನಲ್ಲೇ ಗುರುತು ಹಾಕಿ ಕಾಗದವನ್ನು ಖಾಲಿ ಬಿಡಿ. ಆಮೇಲೆ ರಬ್ಬರ್‌ನಲ್ಲಿ ತೆಗೆದರಾಯಿತು ಅಂತ ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಒತ್ತಿ ಬಳಿದ 8ಬಿ ಪೂರ್ತಿ ಹೋಗುವುದಿಲ್ಲ, ಮಾಸಲು ಕಲೆ ಉಳಿದೇ ಉಳಿಯುತ್ತದೆ.