ಮಗುವಿಗೆ ಜ್ವರ ಬಂದರೆ ರಜೆ ಯಾರದ್ದು?

ಪ್ರಶ್ನೆ: ಅಕ್ಕಾ, ಕುಂಬಳೆಯಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಖಾಸಗಿ ಕಂಪೆನಿಯಲ್ಲಿ ದುಡಿಯುತ್ತೇನೆ. ಗಂಡನಿಗೂ ಅಲ್ಲೇ ಕೆಲಸ. ಮಗಳಿಗೆ 11 ತಿಂಗಳು, ಹಗಲು ಅತ್ತೆ ನೋಡಿಕೊಳ್ಳುತ್ತಾರೆ. ಇವರು ಸಂಜೆ ಮಗುವನ್ನು ಸ್ವಲ್ಪ ಎತ್ತಿಕೊಂಡರೆ 'ಎಷ್ಟು ಒಳ್ಳೆ ಅಪ್ಪ' ಅನ್ನುತ್ತಾರೆ. ನನಗೆ ರೈಲು ತಪ್ಪಿ ತಡವಾದರೆ 'ಮಗುವಿಗಿಂತ ಸಂಬಳ ಹೆಚ್ಚಾಯಿತು' ಎಂಬ ಮಾತು. ಹೋದ ತಿಂಗಳು ಮಗುವಿಗೆ ಜ್ವರ ಬಂತು, 4 ದಿನ ರಜೆ ಹಾಕಿದೆ. ಆಫೀಸಿನಲ್ಲೂ ಮುಖ ಗಂಟು. ರೈಲಿನಲ್ಲಿ ಸುಮ್ಮನೆ ಅಳು ಬರುತ್ತದೆ. ಕೆಲಸ ಬಿಡಲಾ?

ಉತ್ತರ: ತಂಗೀ, ಇಬ್ಬರೂ ಹೋಗುವುದು ಮಂಗಳೂರಿಗೇ. ಆದರೂ ಕೆಲಸ ಬಿಡುವ ಯೋಚನೆ ಬಂದದ್ದು ನಿಮಗೆ ಮಾತ್ರ. ಆ 4 ದಿನಗಳಲ್ಲಿ 2 ಅವರದ್ದಾಗಬಹುದಿತ್ತು ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ನಿಮ್ಮ ಪತ್ರದಲ್ಲೂ ಅದು ಇಲ್ಲ, ನನಗೆ ಹೆಚ್ಚು ಸಂಕಟವಾದದ್ದು ಅದಕ್ಕೇ.

ಕೆಲಸ ಈಗ ಬಿಡಬೇಡಿ. ಇಷ್ಟು ದಣಿದಿರುವಾಗ ಅಷ್ಟು ದೊಡ್ಡ ತೀರ್ಮಾನ ಬೇಡ.

ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. ಲಸಿಕೆ ಯಾವತ್ತು, ಮಣ್ಣಿ ಮಾಡಲು ರಾಗಿ ಇದೆಯಾ, ಮಗು ಯಾಕೆ ಊಟ ಬಿಟ್ಟಿತು ಎಂದು ರೈಲಿನಲ್ಲಿ ಕೂತೂ ಯೋಚಿಸುತ್ತೀರಲ್ಲ, ಅದನ್ನು ಲೆಕ್ಕ ಹಾಕುವವರು ಯಾರು?

ಹಾಗಾಗಿ ಗಂಡನ ಹತ್ತಿರ 'ಸ್ವಲ್ಪ ಸಹಾಯ ಮಾಡಿ' ಎಂದು ಕೇಳಬೇಡಿ. ಸಹಾಯ ಅಂದ ಕೂಡಲೇ ಕೆಲಸ ನಿಮ್ಮದೇ ಎಂದು ಒಪ್ಪಿಕೊಂಡ ಹಾಗಾಯಿತು. ಒಂದೆರಡು ಕೆಲಸವನ್ನು ಪೂರ್ತಿಯಾಗಿ ಬಿಟ್ಟುಕೊಡಿ. ಲಸಿಕೆ ಕಾರ್ಡು ಅವರ ಕೈಯಲ್ಲಿರಲಿ, ಆಶಾ ಕಾರ್ಯಕರ್ತೆಯ ಫೋನು ಅವರಿಗೇ ಬರಲಿ. 16 ತಿಂಗಳು ತುಂಬಿದ ಮೇಲೆ ಬೂಸ್ಟರ್ ಇದೆ, ಆ ದಿನ ನೆನಪಿಟ್ಟು ಕರೆದುಕೊಂಡು ಹೋಗುವುದೂ ಅವರೇ. ವಾರದಲ್ಲಿ 3 ರಾತ್ರಿ ಮಗು ಎದ್ದರೆ ಅವರು ಏಳಲಿ. ಮೊದಮೊದಲು ಅವರು ಮಾಡಿದ್ದು ಸರಿಹೋಗುವುದಿಲ್ಲ, ತಿದ್ದಲು ಹೋಗಬೇಡಿ. ಮುಂದಿನ ಜ್ವರದ ರಜೆ ಯಾರದ್ದೆಂದು ಜ್ವರ ಬರುವ ಮೊದಲೇ ಮಾತಾಡಿಕೊಳ್ಳಿ.

ಅತ್ತೆಯ ಮೇಲೆ ಸಿಟ್ಟು ಬೇಡ. ಅಂಬೆಗಾಲಿಡುವ ಮಗುವಿನ ಹಿಂದೆ ಹಗಲಿಡೀ ಓಡಿದ ಅವರ ಸೊಂಟಕ್ಕೂ ಸಂಜೆಗೆ ನೋವಿರುತ್ತದೆ. ಆದರೆ ಸಂಬಳದ ಆ ಮಾತಿಗೆ ಉತ್ತರ ಕೊಡಬೇಕಾದದ್ದು ಅವರ ಮಗ. 'ಅಮ್ಮಾ, ತಡವಾದರೆ ನನಗೂ ಹೇಳು' ಎಂದು ಅವರು ಒಮ್ಮೆ ಹೇಳಿದರೆ ಸಾಕು.

ಇನ್ನು ಆಫೀಸು. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಅದರ ಪ್ರಕಾರವೂ ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ತಾಯಿಗೆ ದಿನಕ್ಕೆ 2 ಹೆಚ್ಚುವರಿ ಬಿಡುವು ಸಿಗಬೇಕು. ಮಗು ಕುಂಬಳೆಯಲ್ಲಿ, ನೀವು ಮಂಗಳೂರಿನಲ್ಲಿ. ಹಾಗಾಗಿ ಎರಡನ್ನೂ ಸೇರಿಸಿ ಸಂಜೆ ಬೇಗ ಬಿಡಲು ಆಗುತ್ತದಾ ಎಂದು ಲಿಖಿತವಾಗಿ ಕೇಳಿ. ಹಳೆಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾಗಿ ತಾಯಿಯ ರಜೆ 26 ವಾರವಾಯಿತು, ಸಂಹಿತೆಯಲ್ಲೂ ಅಷ್ಟೇ, ಅಪ್ಪನಿಗೆ ಎರಡರಲ್ಲೂ ಒಂದು ದಿನವೂ ಇಲ್ಲ. ಮಗು ತಾಯಿಯದ್ದು ಮಾತ್ರ ಎಂದು ಕಾನೂನೇ ನಂಬಿದ ಹಾಗಿದೆ, ಇದು ಬದಲಾಗಲೇಬೇಕು.

ರೈಲಿನ ಅಳುವನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಹೆರಿಗೆಯಾದ ಮೊದಲ ವರ್ಷದಲ್ಲಿ ಖಿನ್ನತೆ ಬರುವುದುಂಟು, ಅದಕ್ಕೆ ಚಿಕಿತ್ಸೆ ಇದೆ. ಎರಡು ವಾರಕ್ಕಿಂತ ಹೆಚ್ಚಾಗಿ ಹೀಗೇ ಇದ್ದರೆ, ನಿದ್ದೆ ಊಟ ಬೇಡವಾದರೆ ವೈದ್ಯರನ್ನು ಕಾಣಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ದುಡ್ಡಿಲ್ಲ. ವೈದ್ಯರ ಹತ್ತಿರ ಹೋಗುವ ದಿನ ನಿಮ್ಮವರೂ ರಜೆ ಹಾಕಿ ಜೊತೆಗೆ ಬರಲಿ.