‘ನೀಡಿದನು’ ಅಂದರೆ ಯಾರಪ್ಪನ ಮನೆಯದು?

ನಮಸ್ಕಾರ.

ಮ್ಯಾಗ್ನಾ ಕಾರ್ಟಾ, ಅಂದರೆ ಇಂಗ್ಲೆಂಡಿನ ದೊರೆಯ ಅಧಿಕಾರಕ್ಕೆ ಕಡಿವಾಣ ಹಾಕಿದ ಹಳೇ ಹಕ್ಕುಪತ್ರದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಭಾಷೆ ಚೆನ್ನಾಗಿದೆ, ಶ್ರಮ ಕಾಣುತ್ತದೆ. ಆದರೆ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ‘1215ರಲ್ಲಿ ಇಂಗ್ಲೆಂಡಿನ ದೊರೆ ಜಾನ್ ಸಹಿ ಹಾಕಿ, ಸಮಸ್ತ ಜನತೆಗೆ ಸ್ವಾತಂತ್ರ್ಯ ನೀಡಿದನು’ ಅಂತ ಬರೆದಿದ್ದೀರಿ. ಇದೊಂದನ್ನೇ ಹಿಡಿದು ಕೂರೋಣ.

‘ಸಹಿ ಹಾಕಿ’. ಹಾಕಲಿಲ್ಲ, ಮೇಣದ ಮುದ್ರೆ ಬಿತ್ತು. ಆ ವರ್ಷದ ನಾಲ್ಕು ಪ್ರತಿಗಳು ಇವತ್ತಿಗೂ ಉಳಿದಿವೆ, ಒಂದರಲ್ಲೂ ಸಹಿ ಇಲ್ಲ.

‘ಸಮಸ್ತ ಜನತೆಗೆ’. 39ನೇ ಕಲಂ ನೋಡಿ. ಸರೀಕರ ತೀರ್ಪು ಅಥವಾ ನಾಡಿನ ಕಾನೂನು ಇಲ್ಲದೆ ‘ಸ್ವತಂತ್ರ ಮನುಷ್ಯ’ನನ್ನು ಹಿಡಿಯುವಂತಿಲ್ಲ ಅಂತಿದೆ. ಧಣಿಯ ಹೊಲಕ್ಕೆ ಕಟ್ಟುಬಿದ್ದು ದುಡಿಯುತ್ತಿದ್ದವರು ಆ ಲೆಕ್ಕದಲ್ಲೇ ಇರಲಿಲ್ಲ. ಇನ್ನು 54ನೇ ಕಲಂ. ಹೆಂಗಸು ಕೊಲೆಯ ದೂರು ಕೊಟ್ಟರೆ, ಸತ್ತವನು ಅವಳ ಗಂಡನಾಗಿದ್ದರೆ ಮಾತ್ರ ಆರೋಪಿಯನ್ನು ಹಿಡಿಯಬಹುದು. ಮಗ ಸತ್ತಿದ್ದರೆ ಅವಳ ದೂರಿಗೆ ಬೆಲೆಯಿಲ್ಲ. ಸಮಸ್ತ ಜನತೆ ಅಂತೆ!

ನನಗೆ ಜಾಸ್ತಿ ಚುಚ್ಚಿದ್ದು ‘ನೀಡಿದನು’. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ‘ಸರ್ಕಾರ ರೈತರಿಗೆ ನಾಲೆ ನೀರು ಕರುಣಿಸಿತು’ ಅಂತ ಬರೆದಿದ್ದೆ. ನಮ್ಮ ಹಿರಿಯ ಉಪಸಂಪಾದಕರು ‘ಕರುಣಿಸಿತು’ಗೆ ಕೆಂಪು ಸುತ್ತು ಹಾಕಿ, ‘ಯಾರಪ್ಪನ ಮನೆ ನೀರಯ್ಯಾ?’ ಅಂದರು. ಮತ್ತೆ ಬಸ್ಸು ಹತ್ತಿಸಿದರು. ಹೋಗಿ ಕೇಳಿದರೆ, ಆ ಜನ ಹನ್ನೊಂದು ದಿನ ರಸ್ತೆಯಲ್ಲಿ ಕೂತಿದ್ದರು. ನನ್ನ ವರದಿಯಲ್ಲಿ ಆ ರಸ್ತೆಯೇ ಇರಲಿಲ್ಲ.

ನಿಮ್ಮ ಲೇಖನದಲ್ಲೂ ಇಲ್ಲ. ಜಾನ್‌ನ ತೆರಿಗೆ ಕಾಟಕ್ಕೆ ರೋಸಿಹೋದ ಸರದಾರರು ಮೊದಲು ಲಂಡನ್ ಹಿಡಿದರು. ಆಮೇಲೇ ಅವನು ಥೇಮ್ಸ್ ದಡದ ರನ್ನಿಮೀಡ್ ಹುಲ್ಲುಗಾವಲಿಗೆ ಬಂದದ್ದು. ಜೂನ್ 15ಕ್ಕೆ ಒಪ್ಪಿದ, ಹಿಂದೆಯೇ ಪೋಪ್ ಹತ್ತಿರ ದೂರು ಒಯ್ದ. ಆಗಸ್ಟ್ 24ಕ್ಕೆ ಆ ಪೋಪ್, ಮೂರನೇ ಇನೊಸೆಂಟ್, ಇಡೀ ಪತ್ರವನ್ನೇ ರದ್ದು ಮಾಡಿದ. ಹತ್ತೇ ವಾರ!

ಸತ್ತ ಪತ್ರ ಎದ್ದದ್ದು ಹೇಗೆ? ಜಾನ್ ತೀರಿಕೊಂಡ ಮೇಲೆ 1216, 1217, 1225ರಲ್ಲಿ ತಿದ್ದಿ ಮತ್ತೆ ಹೊರಡಿಸಿದರು. ನಾನೂರು ವರ್ಷದ ನಂತರ ಎಡ್ವರ್ಡ್ ಕೋಕ್ ಎಂಬ ವಕೀಲ ಅದನ್ನೇ ಕೈಗೆತ್ತಿಕೊಂಡು, ಒಂದನೇ ಚಾರ್ಲ್ಸ್ ದೊರೆಯ ವಿರುದ್ಧ 1628ರ ಹಕ್ಕುಗಳ ಮನವಿಗೆ ಬಳಸಿದ. ನೀವೋ ಸುಮ್ನೆ ‘ಆ ಜ್ಯೋತಿ ಫ್ರಾನ್ಸ್ ತಲುಪಿತು’ ಅಂತ 1789ರ ಫ್ರೆಂಚ್ ಕ್ರಾಂತಿಗೆ ಹಾರಿದ್ದೀರಿ.

ಫ್ರಾನ್ಸ್ ಸದ್ಯಕ್ಕೆ ಬಿಡಿ. ಆ ಹತ್ತು ವಾರ ಬರೆದು ಕಳಿಸಿ. ‘ನೀಡಿದನು’ ಎಲ್ಲೂ ಬರಬಾರದು.